ದಿವಾನಖಾನೆಯ ಪತ್ತೇದಾರಿಣಿ

ಇಂಗ್ಲಿಷಿನ ಪತ್ತೇದಾರಿ ಸಾಹಿತ್ಯದಲ್ಲಿ ಕಳೆದ ಮೂರು ದಶಕಗಳಿಂದ ಹುಲುಸಾಗಿ ಬೆಳೆದಿರುವ ಒಂದು ಕವಲು ಐತಿಹಾಸಿಕ ಕಾದಂಬರಿಯ ರುಚಿಯನ್ನೂ ಅಪರಾಧ ಶೋಧನೆಯ ಕುತೂಹಲವನ್ನೂ ಒಂದೇ ಪುಸ್ತಕದಲ್ಲಿ ಒದಗಿಸುತ್ತದೆ. ಈ ಕಥೆಗಳು ನಡೆಯುವುದು ಹತ್ತೊಂಬತ್ತನೆಯ ಶತಮಾನದ ಆರಂಭದ ಇಂಗ್ಲೆಂಡಿನಲ್ಲಿ. ಅವುಗಳಲ್ಲಿ ಕೊಲೆಯ ಗುಟ್ಟನ್ನು ಬಿಡಿಸುವವಳು ಮರ್ಯಾದಸ್ಥ ಮನೆತನದ ಒಬ್ಬ ಹೆಣ್ಣುಮಗಳು. ಆ ಕಾಲಕ್ಕೆ ರೀಜೆನ್ಸಿ ಯುಗವೆಂದು ಹೆಸರು. ದೊರೆ ಮೂರನೆಯ ಜಾರ್ಜ್ ಮನೋರೋಗಕ್ಕೆ ತುತ್ತಾಗಿ ರಾಜ್ಯಭಾರ ಮಾಡಲಾರದೆ ಹೋದಾಗ, 1811ರ ಫೆಬ್ರವರಿಯಲ್ಲಿ ಪಾರ್ಲಿಮೆಂಟು ಕಾಯಿದೆ ಮಾಡಿ ಅವನ ಹಿರಿಯ ಮಗನನ್ನು ರೀಜೆಂಟನನ್ನಾಗಿ, ಅಂದರೆ ದೊರೆಯ ಪರವಾಗಿ ಆಳುವ ರಾಜಪ್ರತಿನಿಧಿಯನ್ನಾಗಿ ನೇಮಿಸಿತು. 1820ರ ಜನವರಿಯಲ್ಲಿ ದೊರೆ ತೀರಿಕೊಂಡು ಮಗನೇ ನಾಲ್ಕನೆಯ ಜಾರ್ಜ್ ಆಗುವವರೆಗೆ ಈ ಏರ್ಪಾಡು ನಡೆಯಿತು. ಮೈಸೂರಿನಲ್ಲಿ 1895ರಿಂದ 1902ರವರೆಗೆ ಬಾಲಕ ನಾಲ್ವಡಿ ಕೃಷ್ಣರಾಜ ಒಡೆಯರ ಪರವಾಗಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಆಳಿದ್ದನ್ನು ಬಲ್ಲ ಕನ್ನಡಿಗರಿಗೆ ಈ ರೀಜೆಂಟ್ ಪದವಿ ಹೊಸದೇನಲ್ಲ. ಇತಿಹಾಸದ ಲೆಕ್ಕಕ್ಕೆ ಒಂಬತ್ತೇ ವರ್ಷದ ಈ ಅವಧಿಯನ್ನು ಕಾದಂಬರಿಕಾರರು ಹಿಂದಕ್ಕೂ ಮುಂದಕ್ಕೂ ಹಿಗ್ಗಿಸಿ, 1795ರ ಸುಮಾರಿನಿಂದ 1820ರ ದಶಕದವರೆಗಿನ ಕಾಲವನ್ನೆಲ್ಲ ತಮ್ಮದಾಗಿಸಿಕೊಂಡಿದ್ದಾರೆ.

ಈ ಯುಗಕ್ಕೆ ಓದುಗರ ಮನಸ್ಸಿನಲ್ಲಿ ಒಂದು ಖಚಿತವಾದ ಚಹರೆಯನ್ನು ಕೊಟ್ಟವರು ಜಾರ್ಜೆಟ್ ಹೇಯರ್. 1935ರಲ್ಲಿ ಬಂದ ‘ರೀಜೆನ್ಸಿ ಬಕ್’ ಮತ್ತು ಅದರ ಬೆನ್ನಿಗೆ ಬಂದ ಅವರ ಹತ್ತಾರು ಕಾದಂಬರಿಗಳು ಆ ಕಾಲದ ನೃತ್ಯಕೂಟ, ಸಾರೋಟು, ಉಡುಗೆತೊಡುಗೆಗಳನ್ನು ಶ್ರದ್ಧೆಯ ಅಧ್ಯಯನದಿಂದ ಕಟ್ಟಿಕೊಟ್ಟವು. ಹೇಯರ್ ಪತ್ತೇದಾರಿ ಕಾದಂಬರಿಗಳನ್ನೂ ಬರೆದವರೇ ಆದರೂ ಅವುಗಳ ಕಥೆಯನ್ನು ತಮ್ಮದೇ ಕಾಲದ ಇಂಗ್ಲೆಂಡಿನಲ್ಲಿ ನಡೆಸಿದರು. ಎರಡು ಧಾರೆಗಳನ್ನು ಕೂಡಿಸಿ ಶೋಧನೆಯ ಸೂತ್ರವನ್ನು ಹೆಣ್ಣಿನ ಕೈಗೆ ಕೊಟ್ಟ ಕೆಲಸ ಮುಂದಿನ ಪೀಳಿಗೆಯ ಲೇಖಕಿಯರದು.

ಒಂಟಿಯಾಗಿ ಬೀದಿಯಲ್ಲಿ ನಡೆದರೆ ಮಾನ ಹೋಗುವ, ನ್ಯಾಯಾಲಯದಲ್ಲಾಗಲಿ ಪಾರ್ಲಿಮೆಂಟಿನಲ್ಲಾಗಲಿ ಯಾವ ಸ್ಥಾನವೂ ಇಲ್ಲದ, ವಿಶ್ವವಿದ್ಯಾಲಯದ ಹೊಸ್ತಿಲನ್ನೂ ತುಳಿಯಲಾಗದ ಹೆಣ್ಣೊಬ್ಬಳು ಕೊಲೆಗಾರನನ್ನು ಹಿಡಿಯುವುದು ಸಾಧ್ಯವೇ ಎಂಬ ಸಂಶಯ ಸಹಜವಾದದ್ದು. ಈ ಪ್ರಕಾರದ ಒಳ್ಳೆಯ ಕೃತಿಗಳ ಸೊಗಸು ಇರುವುದೇ ಈ ಸಂಶಯಕ್ಕೆ ಅವು ಕೊಡುವ ಉತ್ತರದಲ್ಲಿ. ಅವುಗಳಲ್ಲಿ ನಾಯಕಿ ತನ್ನನ್ನು ಕಟ್ಟಿಹಾಕಿದ ಕಟ್ಟಳೆಗಳನ್ನು ಮುರಿದು ಹೊರಗೆ ನೆಗೆಯುವುದು ಅಪರೂಪ. ಆ ಕಟ್ಟಳೆಗಳನ್ನೇ ಉಪಕರಣಗಳನ್ನಾಗಿ ಮಾಡಿಕೊಂಡು, ಅವು ಗಂಡಸರಿಗೆ ಕಾಣಗೊಡದ್ದನ್ನು ತಾನು ಕಾಣುತ್ತಾಳೆ.

ಇದಕ್ಕೆ ಮೊದಲ ಅವಕಾಶವನ್ನು ಒದಗಿಸುವುದು ಚರಿತ್ರೆಯೇ. ಅಂದಿನ ಲಂಡನ್ನಿನಲ್ಲಿ ಇಂದಿನ ಅರ್ಥದ ಪೊಲೀಸ್ ಇಲಾಖೆ ಇರಲಿಲ್ಲ. ರಾಬರ್ಟ್ ಪೀಲ್ ಮಹಾನಗರ ಪೊಲೀಸ್ ಪಡೆಯನ್ನು ಸ್ಥಾಪಿಸಿದ್ದು 1829ರಲ್ಲಿ. ಅದಕ್ಕೂ ಮೊದಲು ಇದ್ದವರು ಚರ್ಚಿನ ಆಡಳಿತ ವಲಯಕ್ಕೊಬ್ಬರಂತೆ ನೇಮಕವಾಗುತ್ತಿದ್ದ ಕಾನ್‌ಸ್ಟೇಬಲ್‌ಗಳು, ಲಾಂದ್ರ ಹಿಡಿದು ತಿರುಗುವ ರಾತ್ರಿ ಕಾವಲುಗಾರರು, ಮತ್ತು ಕಾದಂಬರಿಕಾರ ಹೆನ್ರಿ ಫೀಲ್ಡಿಂಗ್ ಮ್ಯಾಜಿಸ್ಟ್ರೇಟನಾಗಿದ್ದಾಗ 1749ರಲ್ಲಿ ಕಟ್ಟಿದ ಬೋ ಸ್ಟ್ರೀಟ್ ರನ್ನರ್‌ಗಳೆಂಬ ಸಣ್ಣ ತಂಡದವರು. ಈ ರನ್ನರ್‌ಗಳಿಗೆ ಸಂಬಳಕ್ಕಿಂತ ಬಹುಮಾನದ ಹಣವೇ ಮುಖ್ಯ ಆದಾಯವಾಗಿದ್ದುದರಿಂದ ದುಡ್ಡಿದ್ದವನ ದೂರಿಗೆ ಓಡುವ ಕಾಲು ಬಡವನ ದೂರಿಗೆ ಓಡುತ್ತಿರಲಿಲ್ಲ. ಅನುಮಾನಾಸ್ಪದ ಸಾವು ಸಂಭವಿಸಿದಾಗ ಕಾರೊನರ್ ಎಂಬ ಅಧಿಕಾರಿ ಊರಿನ ಗಂಡಸರನ್ನು ಜೂರಿಯಾಗಿ ಸೇರಿಸಿ, ಎಷ್ಟೋ ಸಲ ಹತ್ತಿರದ ಹೋಟೆಲಿನಲ್ಲಿಯೇ ಹೆಣವನ್ನಿಟ್ಟುಕೊಂಡು ವಿಚಾರಣೆ ನಡೆಸುತ್ತಿದ್ದನು. ಈ ವ್ಯವಸ್ಥೆ ಎಷ್ಟು ದುರ್ಬಲವಾಗಿತ್ತೆಂಬುದು ರಾಜಪ್ರತಿನಿಧಿ ಅಧಿಕಾರ ವಹಿಸಿಕೊಂಡ ವರ್ಷವೇ ಬಯಲಾಯಿತು. 1811ರ ಡಿಸೆಂಬರಿನಲ್ಲಿ ಲಂಡನ್ನಿನ ಪೂರ್ವಭಾಗದ ರ್‍ಯಾಟ್‌ಕ್ಲಿಫ್ ಹೈವೇ ಎಂಬಲ್ಲಿ ಬಟ್ಟೆ ಅಂಗಡಿಯ ಟಿಮೊತಿ ಮಾರ್, ಅವನ ಹೆಂಡತಿ, ಹಸುಗೂಸು ಮತ್ತು ಕೆಲಸ ಕಲಿಯುತ್ತಿದ್ದ ಹುಡುಗ ಕೊಲೆಯಾದರು. ಹನ್ನೆರಡು ದಿನಗಳ ಮೇಲೆ ಅದೇ ಪ್ರದೇಶದ ಹೆಂಡದಂಗಡಿಯ ಮಾಲೀಕ, ಅವನ ಹೆಂಡತಿ ಮತ್ತು ಕೆಲಸದಾಕೆ ಹತರಾದರು. ಜಾನ್ ವಿಲಿಯಮ್ಸ್ ಎಂಬ ನಾವಿಕನನ್ನು ಹಿಡಿದರು. ವಿಚಾರಣೆಗೆ ಮುನ್ನವೇ ಅವನು ಸೆರೆಮನೆಯಲ್ಲಿ ನೇಣಿಗೆ ಜೋತುಬಿದ್ದಿದ್ದನು. ಹೆಣವನ್ನು ಬೀದಿಯಲ್ಲಿ ಮೆರವಣಿಗೆ ಮಾಡಿ, ನಾಲ್ಕು ದಾರಿ ಕೂಡುವಲ್ಲಿ ಎದೆಗೆ ಗೂಟ ಹೊಡೆದು ಹೂತು, ಅಧಿಕಾರಿಗಳು ಕಡತವನ್ನು ಮುಚ್ಚಿದರು. ಸುಮಾರು ನೂರ ಅರವತ್ತು ವರ್ಷಗಳ ಬಳಿಕ, 1971ರಲ್ಲಿ, ಕಾದಂಬರಿಗಾರ್ತಿ ಪಿ. ಡಿ. ಜೇಮ್ಸ್ ಮತ್ತು ಪೊಲೀಸ್ ಇತಿಹಾಸಕಾರ ಟಿ. ಎ. ಕ್ರಿಚ್ಲಿ ಇಬ್ಬರೂ ಸೇರಿ ಆ ದಾಖಲೆಗಳನ್ನು ಮತ್ತೆ ಪರಿಶೀಲಿಸಿ, ವಿಲಿಯಮ್ಸ್ ತಪ್ಪಿತಸ್ಥನೆಂಬುದನ್ನೇ ಪ್ರಶ್ನಿಸಿ ಒಂದು ಪುಸ್ತಕ ಬರೆದರು.

ಇಂಥ ಕಾಲದಲ್ಲಿ ಹವ್ಯಾಸಿ ಶೋಧಕರಿಗೆ ಜಾಗವಿತ್ತು, ಜವಾಬ್ದಾರಿಯೂ ಇತ್ತು. ವಿಜ್ಞಾನವೂ ಆಗ ನೆರವಿಗೆ ಬರುತ್ತಿರಲಿಲ್ಲ. ಬೆರಳಚ್ಚಿನ ವಿದ್ಯೆ ಇನ್ನೂ ಹುಟ್ಟಿರಲಿಲ್ಲ. ಹೆಣದ ಹೊಟ್ಟೆಯಲ್ಲಿರುವ ಪಾಷಾಣವನ್ನು ಕಣ್ಣಿಗೆ ಕಾಣುವಂತೆ ತೋರಿಸಿಕೊಡುವ ನಂಬಲರ್ಹ ಪರೀಕ್ಷೆಯನ್ನು ಜೇಮ್ಸ್ ಮಾರ್ಷ್ ಎಂಬ ರಸಾಯನಶಾಸ್ತ್ರಜ್ಞ ಪ್ರಕಟಿಸಿದ್ದು 1836ರಲ್ಲಿ. ಆದಕಾರಣ ಶೋಧಕಿಯ ಪಾಲಿಗೆ ಉಳಿಯುವ ಸಾಮಗ್ರಿ ಮಾತು, ನಡತೆ, ನೆನಪು ಮತ್ತು ಕಾಗದಪತ್ರಗಳಷ್ಟೇ. ಇವೆಲ್ಲವೂ ಹೆಣ್ಣುಮಕ್ಕಳು ದಿನಬೆಳಗಾದರೆ ವ್ಯವಹರಿಸುವ ವಸ್ತುಗಳು.

ಆ ಕಾಲದ ಒಂದು ಕಾಗದವನ್ನು ಹತ್ತಿರದಿಂದ ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಅಂಚೆಯ ದರ ಹಾಳೆಗಳ ಸಂಖ್ಯೆಯನ್ನೂ ದೂರವನ್ನೂ ಅವಲಂಬಿಸಿತ್ತು, ಮತ್ತು ಸಾಮಾನ್ಯವಾಗಿ ಹಣ ತೆರುತ್ತಿದ್ದವರು ಕಾಗದವನ್ನು ಪಡೆದವರು. ಒಂದು ಪೆನ್ನಿಯ ಏಕರೂಪದ ದರ ಜಾರಿಗೆ ಬಂದದ್ದು 1840ರಲ್ಲಿ. ಲಕೋಟೆಯೂ ಒಂದು ಹಾಳೆಯೆಂದೇ ಲೆಕ್ಕಕ್ಕೆ ಸೇರುತ್ತಿದ್ದುದರಿಂದ ಬರೆದ ಹಾಳೆಯನ್ನೇ ಮಡಿಚಿ, ಅದರ ಬೆನ್ನಿಗೆ ವಿಳಾಸ ಬರೆದು, ಅರಗಿನ ಮುದ್ರೆ ಒತ್ತುತ್ತಿದ್ದರು. ಜಾಗ ಸಾಲದೆ ಹೋದರೆ ಹಾಳೆಯನ್ನು ಅಡ್ಡ ತಿರುಗಿಸಿ, ಬರೆದ ಸಾಲುಗಳ ಮೇಲೆಯೇ ಮತ್ತೆ ಸಾಲು ಹಾಯಿಸುತ್ತಿದ್ದರು. ಪಾರ್ಲಿಮೆಂಟಿನ ಸದಸ್ಯರಿಗೆ ಅಂಚೆ ಉಚಿತವಾಗಿತ್ತು. ಆದರೆ ಆ ಸೌಲಭ್ಯ ಪಡೆಯಬೇಕಾದರೆ ಸದಸ್ಯನು ವಿಳಾಸವನ್ನೂ ಊರನ್ನೂ ದಿನಾಂಕವನ್ನೂ ಸ್ವಹಸ್ತದಿಂದ ಬರೆದು ರುಜು ಹಾಕಬೇಕಾಗಿತ್ತು. ಇಷ್ಟು ತಿಳಿದ ಹೆಣ್ಣಿಗೆ ಒಡೆದ ಅರಗು, ಅಡ್ಡಸಾಲುಗಳಲ್ಲಿ ಅವಸರವಾಗಿ ಸೇರಿಸಿದ ಒಂದು ಮಾತು, ಇಂಥ ದಿನ ತಾನು ಊರಲ್ಲಿರಲಿಲ್ಲವೆಂದು ಹೇಳಿಕೊಂಡ ಸದಸ್ಯನದೇ ಕೈಬರಹದ ದಿನಾಂಕ, ಇವೆಲ್ಲ ಸಾಕ್ಷಿ ನುಡಿಯುತ್ತವೆ. ಬೆಳಗಿನ ಭೇಟಿಗಳೆಂಬ ಕಟ್ಟುನಿಟ್ಟಾದ ಪದ್ಧತಿ, ಊಟದ ಕೋಣೆಗೆ ಅಂತಸ್ತಿನ ಕ್ರಮದಲ್ಲಿ ಸಾಗುವ ಮರ್ಯಾದೆ, ಸೂತಕದ ಕಪ್ಪು ಉಡುಪನ್ನು ಯಾರಿಗಾಗಿ ಎಷ್ಟು ಕಾಲ ಉಡಬೇಕೆಂಬ ನಿಯಮ, ಇವು ಕೂಡ ಹಾಗೆಯೇ. ಎಲ್ಲರೂ ಒಂದೇ ನಿಯಮಕ್ಕೆ ತಲೆಬಾಗಿ ನಡೆಯುವ ಸಮಾಜದಲ್ಲಿ ನಿಯಮ ತಪ್ಪಿದ ಒಂದು ಹೆಜ್ಜೆ ತಟ್ಟನೆ ಕಣ್ಣಿಗೆ ಬೀಳುತ್ತದೆ, ಮತ್ತು ಆ ಹೆಜ್ಜೆಗಳನ್ನು ಗಮನಿಸುವ ತರಬೇತಿ ಗಂಡಸರಿಗಿಂತ ಹೆಂಗಸರಿಗೆ ಹೆಚ್ಚಾಗಿ ದೊರೆತಿತ್ತು.

ಈ ತರಬೇತಿಯನ್ನು ಸಾಹಿತ್ಯದ ಮಟ್ಟಕ್ಕೆ ಏರಿಸಿದವರು ಆ ಕಾಲದವರೇ ಆದ ಜೇನ್ ಆಸ್ಟನ್. ಅವರ ‘ಎಮ್ಮಾ’ ಕಾದಂಬರಿಯನ್ನು ಪತ್ತೇದಾರಿ ಕಥೆಯಾಗಿ ಓದಬಹುದೆಂದು ಪಿ. ಡಿ. ಜೇಮ್ಸ್ 1998ರ ಒಂದು ಉಪನ್ಯಾಸದಲ್ಲಿ ವಿವರಿಸಿದ್ದರು. ಅಲ್ಲಿ ಕೊಲೆಯಿಲ್ಲ, ಗುಟ್ಟಾಗಿ ನಡೆದ ಒಂದು ವಿವಾಹ ನಿಶ್ಚಯವಿದೆ. ಫ್ರ್ಯಾಂಕ್ ಚರ್ಚಿಲ್ ಎಂಬ ತರುಣ ಕೂದಲು ಕತ್ತರಿಸಿಕೊಳ್ಳಲೆಂದು ಲಂಡನ್ನಿಗೆ ಹೋಗಿಬರುತ್ತಾನೆ. ಅದಾದ ಮೇಲೆ ಬಡ ಹುಡುಗಿ ಜೇನ್ ಫೇರ್‌ಫ್ಯಾಕ್ಸಳ ಮನೆಗೆ, ಕಳಿಸಿದವರ ಹೆಸರಿಲ್ಲದೆ, ಒಂದು ಪಿಯಾನೊ ಬಂದಿಳಿಯುತ್ತದೆ. ಎರಡು ಸಂಗತಿಗಳೂ ಓದುಗರ ಕಣ್ಣೆದುರಿಗೇ ಇವೆ, ಆದರೆ ಅವುಗಳನ್ನು ಜೋಡಿಸಿ ನೋಡದಂತೆ ಲೇಖಕಿ ಗಮನವನ್ನು ಬೇರೆಡೆಗೆ ಸೆಳೆಯುತ್ತಾರೆ. ಸುಳಿವನ್ನು ಬಚ್ಚಿಡದೆಯೇ ಮರೆಮಾಡುವ ಈ ಕೌಶಲವನ್ನು ಅನಂತರದ ಪತ್ತೇದಾರಿ ಲೇಖಕರು ತಮ್ಮ ಕಸುಬಿನ ಮೊದಲ ಪಾಠವೆಂದು ಭಾವಿಸಿದರೆ ಆಶ್ಚರ್ಯವಿಲ್ಲ.

ಆಸ್ಟನ್ ಅವರನ್ನೇ ಶೋಧಕಿಯನ್ನಾಗಿ ಮಾಡಿದ ಸ್ಟೆಫನಿ ಬ್ಯಾರನ್ ಅವರ ಮಾಲೆ ಈ ಪ್ರಕಾರದ ಅತ್ಯುತ್ತಮ ಸಾಧನೆಯೆಂದು ನಿಸ್ಸಂಕೋಚವಾಗಿ ಹೇಳಬಹುದು. ಬ್ಯಾರನ್ ಎಂಬುದು ಅಮೆರಿಕದ ಲೇಖಕಿ ಫ್ರ್ಯಾನ್‌ಸಿನ್ ಮ್ಯಾಥ್ಯೂಸ್ ಅವರ ಕಾವ್ಯನಾಮ. ಬರಹಕ್ಕೆ ಬರುವ ಮುನ್ನ ಅವರು ತಮ್ಮ ದೇಶದ ಕೇಂದ್ರ ಗುಪ್ತಚರ ಸಂಸ್ಥೆಯಲ್ಲಿ ವಿಶ್ಲೇಷಕಿಯಾಗಿದ್ದರು. ಅವರ ಮೊದಲ ಕೃತಿ ‘ಜೇನ್ ಅಂಡ್ ದಿ ಅನ್‌ಪ್ಲೆಸೆಂಟ್‌ನೆಸ್ ಅಟ್ ಸ್ಕಾರ್‌ಗ್ರೇವ್ ಮ್ಯಾನರ್’ 1996ರಲ್ಲಿಯೂ ಹದಿನೈದನೆಯದೂ ಕೊನೆಯದೂ ಆದ ‘ಜೇನ್ ಅಂಡ್ ದಿ ಫೈನಲ್ ಮಿಸ್ಟರಿ’ 2023ರಲ್ಲಿಯೂ ಬಂದವು. ಆಸ್ಟನ್ ಬರೆದ ಪತ್ರಗಳಲ್ಲಿ ಬಹುಪಾಲನ್ನು ಅವರ ಅಕ್ಕ ಕ್ಯಾಸಂಡ್ರಾ ಸುಟ್ಟುಹಾಕಿದ್ದರಿಂದ ಇಂದು ಉಳಿದಿರುವುದು ಸುಮಾರು 160 ಮಾತ್ರ. ಬ್ಯಾರನ್ ತಮ್ಮ ಕಲ್ಪನೆಗೆ ಆರಿಸಿಕೊಂಡದ್ದು ಈ ಖಾಲಿ ಜಾಗಗಳನ್ನೇ. ಜೇನ್ ಬರೆದಿಟ್ಟ ದಿನಚರಿಗಳು ಅಮೆರಿಕದ ಒಂದು ಹಳೆಯ ಮನೆಯಲ್ಲಿ ಸಿಕ್ಕವೆಂದೂ ತಾವು ಅವುಗಳ ಸಂಪಾದಕಿಯೆಂದೂ ಹೂಡಿಕೊಂಡು, ಅಡಿಟಿಪ್ಪಣಿಗಳ ಸಮೇತ ಅವರು ಕಥೆ ಹೇಳುತ್ತಾರೆ. ತಿಳಿದಿರುವ ಸಂಗತಿಗೆ ಎಲ್ಲಿಯೂ ಭಂಗ ತಾರದೆ, ತಿಳಿಯದಿರುವ ವಾರಗಳಲ್ಲಿ ಮಾತ್ರ ಕೊಲೆಯನ್ನು ನಡೆಸುವ ಈ ಸಂಯಮ ಅತ್ಯಂತ ಮೆಚ್ಚತಕ್ಕದ್ದು. 1802ರ ಡಿಸೆಂಬರ್ 2ರ ಸಂಜೆ ಹ್ಯಾರಿಸ್ ಬಿಗ್ ವಿದರ್ ಎಂಬ ಶ್ರೀಮಂತ ತರುಣ ಮದುವೆಯ ಪ್ರಸ್ತಾಪ ಮಾಡಿದಾಗ ಜೇನ್ ಒಪ್ಪಿಕೊಂಡು, ಮರುದಿನ ಬೆಳಿಗ್ಗೆ ಮಾತನ್ನು ಹಿಂತೆಗೆದುಕೊಂಡದ್ದು ಚರಿತ್ರೆ. ಆ ಮುಜುಗರದಿಂದ ದೂರವಾಗಲು ಆಕೆ ಗೆಳತಿಯ ಮನೆಗೆ ಹೋದಾಗ ಅಲ್ಲಿ ಗೆಳತಿಯ ಗಂಡ ಸಾಯುವುದು ಬ್ಯಾರನ್ ಅವರ ಮೊದಲ ಕಥೆ. 1815ರ ನವೆಂಬರಿನಲ್ಲಿ ರಾಜಪ್ರತಿನಿಧಿಯ ಗ್ರಂಥಪಾಲಕನ ಆಹ್ವಾನದ ಮೇರೆಗೆ ಆಸ್ಟನ್ ಕಾರ್ಲ್‌ಟನ್ ಹೌಸ್ ಅರಮನೆಗೆ ಭೇಟಿಕೊಟ್ಟದ್ದೂ, ‘ಎಮ್ಮಾ’ವನ್ನು ರಾಜಪ್ರತಿನಿಧಿಗೆ ಅರ್ಪಿಸಬೇಕಾಗಿ ಬಂದದ್ದೂ ನಿಜ, ಅದೇ ಭೇಟಿಯಲ್ಲಿ ಅರಮನೆಯ ಗ್ರಂಥಾಲಯದಲ್ಲಿ ವಾಟರ್ಲೂ ಯುದ್ಧದ ವೀರನೊಬ್ಬ ಆಕೆಯ ಕಣ್ಣೆದುರು ಪ್ರಾಣಬಿಡುವುದು ‘ಜೇನ್ ಅಂಡ್ ದಿ ವಾಟರ್ಲೂ ಮ್ಯಾಪ್’ ಕಾದಂಬರಿಯ ಆರಂಭ. ಕೊನೆಯ ಕೃತಿಯಲ್ಲಿ ಕಾಯಿಲೆಯಿಂದ ಸೊರಗಿದ ಜೇನ್ 1817ರಲ್ಲಿ, ಸಾವಿಗೆ ಕೆಲವೇ ತಿಂಗಳ ಮುನ್ನ, ಕೊಲೆಯ ಆಪಾದನೆಗೆ ಸಿಕ್ಕ ಒಬ್ಬ ಶಾಲಾ ಹುಡುಗನನ್ನು ಉಳಿಸಲು ವಿಂಚೆಸ್ಟರಿಗೆ ಹೋಗುತ್ತಾಳೆ. ಆ ಹುಡುಗ ಆಕೆ ಹಿಂದೆ ನಿರಾಕರಿಸಿದ ಹ್ಯಾರಿಸನ ಸೋದರಳಿಯ.

ಆಸ್ಟನ್ ಮನೆತನಕ್ಕೆ ಅಪರಾಧದ ಬಿಸಿ ತಟ್ಟದೇ ಇರಲಿಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. 1799ರಲ್ಲಿ ಬಾತ್ ನಗರದ ಅಂಗಡಿಯೊಂದರಿಂದ ಇಪ್ಪತ್ತು ಷಿಲಿಂಗ್ ಬೆಲೆಯ ಲೇಸನ್ನು ಕದ್ದರೆಂದು ಜೇನಳ ಸೋದರತ್ತೆ ಲೀ ಪೆರೊಟ್ ಅವರನ್ನು ಬಂಧಿಸಲಾಯಿತು. ಐದು ಷಿಲಿಂಗಿಗಿಂತ ಹೆಚ್ಚಿನ ಮಾಲನ್ನು ಅಂಗಡಿಯಿಂದ ಕದಿಯುವುದು ಅಂದಿನ ಕಾನೂನಿನಲ್ಲಿ ಮರಣದಂಡನೆಗೆ ಗುರಿಯಾಗುವ ಅಪರಾಧ. ಪ್ರಾಣ ಉಳಿದರೂ ಆಸ್ಟ್ರೇಲಿಯಕ್ಕೆ ಗಡೀಪಾರು ತಪ್ಪುವಂತಿರಲಿಲ್ಲ. ಆಕೆ ತಿಂಗಳುಗಟ್ಟಲೆ ಇಲ್‌ಚೆಸ್ಟರ್ ಸೆರೆಮನೆಯ ಜೈಲರನ ಮನೆಯಲ್ಲಿ ಬಂಧಿಯಾಗಿದ್ದು, 1800ರ ಮಾರ್ಚಿನಲ್ಲಿ ಟಾಂಟನ್ ಪಟ್ಟಣದಲ್ಲಿ ನಡೆದ ವಿಚಾರಣೆಯಲ್ಲಿ ಬಿಡುಗಡೆಯಾದರು. ಜೂರಿ ತೀರ್ಮಾನಕ್ಕೆ ತೆಗೆದುಕೊಂಡದ್ದು ಕೆಲವೇ ನಿಮಿಷ. ಇನ್ನೂರಕ್ಕೂ ಹೆಚ್ಚು ಅಪರಾಧಗಳಿಗೆ ನೇಣು ವಿಧಿಸಬಹುದಾಗಿದ್ದ, ಆರೋಪಿಯ ವಕೀಲನು ಜೂರಿಯನ್ನು ಉದ್ದೇಶಿಸಿ ವಾದಿಸಲು 1836ರವರೆಗೆ ಅವಕಾಶವೇ ಇಲ್ಲದಿದ್ದ ಆ ನ್ಯಾಯಪದ್ಧತಿಯಲ್ಲಿ ತಪ್ಪು ಮನುಷ್ಯನನ್ನು ಹಿಡಿದರೆ ಅವನ ಕತ್ತಿಗೆ ಹಗ್ಗ ಬೀಳಲು ಹೆಚ್ಚು ಕಾಲ ಬೇಕಿರಲಿಲ್ಲ. ಈ ಕಾದಂಬರಿಗಳಲ್ಲಿ ಶೋಧಕಿಗೆ ಇರುವ ಅವಸರದ ಮೂಲ ಇದೇ. ಜೆಸಿಕಾ ಬುಲ್ ಅವರ ‘ಮಿಸ್ ಆಸ್ಟನ್ ಇನ್‌ವೆಸ್ಟಿಗೇಟ್ಸ್’ ಕಾದಂಬರಿಯಲ್ಲಿ ಜೇನಳ ಅಣ್ಣ ಜಾರ್ಜ್, ಹುಟ್ಟಿನಿಂದ ವಿಶೇಷ ಆರೈಕೆ ಬೇಕಾಗಿದ್ದವನು, ಆಪಾದನೆಗೆ ಸಿಕ್ಕುವಾಗ ಓದುಗರ ಎದೆ ಝಲ್ಲೆನ್ನುವುದು ಈ ಹಿನ್ನೆಲೆಯಿಂದ. ಪಿ. ಡಿ. ಜೇಮ್ಸ್ ಅವರು 2011ರಲ್ಲಿ ಬರೆದ ‘ಡೆತ್ ಕಮ್ಸ್ ಟು ಪೆಂಬರ್ಲಿ’ ಈ ನ್ಯಾಯಪದ್ಧತಿಯನ್ನು, ಕಾರೊನರನ ವಿಚಾರಣೆಯಿಂದ ಓಲ್ಡ್ ಬೇಯ್ಲಿ ನ್ಯಾಯಾಲಯದವರೆಗೆ, ಬಹು ನಿಖರವಾಗಿ ಚಿತ್ರಿಸುತ್ತದೆ. ಆದರೆ ಅದರಲ್ಲಿ ಆಸ್ಟನ್ ಸೃಷ್ಟಿಸಿದ ಎಲಿಜಬೆತ್ ಬೆನೆಟ್‌ಳಂಥ ಚುರುಕುಬುದ್ಧಿಯ ನಾಯಕಿಗೆ ಶೋಧನೆಯಲ್ಲಿ ಹೆಚ್ಚಿನ ಪಾತ್ರವೇ ದೊರೆಯದಿರುವುದು ದೊಡ್ಡ ನಷ್ಟ.

ಕಲ್ಪಿತ ನಾಯಕಿಯರನ್ನು ಕಟ್ಟುವಾಗ ಲೇಖಕಿಯರಿಗೆ ಅಂದಿನ ವಿವಾಹದ ಕಾನೂನು ಮುಖ್ಯವಾಗುತ್ತದೆ. ಮದುವೆಯಾದ ಹೆಣ್ಣಿನ ಕಾನೂನುಬದ್ಧ ವ್ಯಕ್ತಿತ್ವ ಗಂಡನದರಲ್ಲಿ ಕರಗಿಹೋಗಿ, ಅವಳ ಆಸ್ತಿಯೂ ಗಳಿಕೆಯೂ ಅವನ ವಶವಾಗುತ್ತಿತ್ತು. ಇದನ್ನು ಸರಿಪಡಿಸುವ ಕಾಯಿದೆಗಳು ಬಂದದ್ದು 1870 ಮತ್ತು 1882ರಲ್ಲಿ. ತನ್ನ ಹೆಸರಿನಲ್ಲಿ ಮನೆ ಮಾಡಿ, ತನ್ನ ಹಣವನ್ನು ತಾನೇ ಖರ್ಚುಮಾಡಿ, ಕಾವಲಿನ ಹೆಂಗಸಿಲ್ಲದೆ ಓಡಾಡಬಲ್ಲವಳು ವಿಧವೆಯೊಬ್ಬಳೇ. ಕ್ಯಾಥರೀನ್ ಶೆಲ್‌ಮನ್ ಅವರ ‘ದಿ ಬಾಡಿ ಇನ್ ದಿ ಗಾರ್ಡನ್’ ಕೃತಿಯ ಲಿಲಿ ಆಡ್ಲರ್ 1815ರ ಲಂಡನ್ನಿಗೆ ಬರುವುದು ಇಂಥ ವಿಧವೆಯಾಗಿ. ಆಕೆಯ ಸ್ವಾತಂತ್ರ್ಯ ದುಃಖದ ಬೆಲೆ ತೆತ್ತು ಬಂದದ್ದೆಂಬ ಅರಿವು ಕಥೆಗೆ ಒಂದು ಗಾಂಭೀರ್ಯವನ್ನು ಕೊಡುತ್ತದೆ. ಅವಿವಾಹಿತೆಯ ಸ್ಥಿತಿ ಬೇರೆ. ಆನಾ ಡೀನ್ ಅವರ ಡೈಡೊ ಕೆಂಟ್ ಬಂಧುಗಳ ಮನೆಗಳಿಗೆ ಕರೆದಾಗ ಹೋಗಿ ನೆರವಾಗಬೇಕಾದ, ಮದುವೆಯ ವಯಸ್ಸು ಮೀರಿದವಳೆಂದು ಎಲ್ಲರೂ ಬದಿಗಿಟ್ಟ ಹೆಣ್ಣು. ತನ್ನ ತರ್ಕವನ್ನೆಲ್ಲ ಅಕ್ಕನಿಗೆ ಬರೆಯುವ ಪತ್ರಗಳಲ್ಲಿ ತೋಡಿಕೊಳ್ಳುತ್ತಾಳೆ. ಯಾರೂ ಲೆಕ್ಕಕ್ಕೆ ಇಡದವಳ ಮುಂದೆ ಎಲ್ಲರೂ ಮಾತನಾಡುತ್ತಾರೆ ಎಂಬುದೇ ಆಕೆಯ ಬಲ. ಲಿನ್ ಮೆಸಿನಾ ಅವರ ಬಿಯಾಟ್ರಿಸ್ ಹೈಡ್ ಕ್ಲೇರ್ ಇನ್ನೂ ಒಂದು ಹೆಜ್ಜೆ ಕೆಳಗೆ, ಚಿಕ್ಕಪ್ಪನ ಹಂಗಿನಲ್ಲಿ ಬೆಳೆದ ಅನಾಥೆ. ಹೆಣವೊಂದನ್ನು ಕಂಡ ರಾತ್ರಿಯಿಂದ ಅವಳಿಗೆ ಮಾತು ಬರುತ್ತದೆ.

ಆಂಡ್ರಿಯಾ ಪೆನ್‌ರೋಸ್ ಅವರ ಶಾರ್ಲೆಟ್ ಸ್ಲೋನ್ ಇವರೆಲ್ಲರಿಗಿಂತ ಭಿನ್ನ. 2017ರ ‘ಮರ್ಡರ್ ಆನ್ ಬ್ಲ್ಯಾಕ್ ಸ್ವಾನ್ ಲೇನ್’ ಕಾದಂಬರಿಯಲ್ಲಿ ಪರಿಚಯವಾಗುವ ಈಕೆ ಗಂಡಸಿನ ಹೆಸರಿನ ಮರೆಯಲ್ಲಿ ರಾಜಕೀಯ ವ್ಯಂಗ್ಯಚಿತ್ರ ಬರೆದು ಹೊಟ್ಟೆ ಹೊರೆಯುವ ವಿಧವೆ. ರೀಜೆನ್ಸಿ ಲಂಡನ್ ವ್ಯಂಗ್ಯಚಿತ್ರಗಳ ಸುವರ್ಣಕಾಲವಾಗಿದ್ದು, ಜೇಮ್ಸ್ ಗಿಲ್‌ರೇ, ಥಾಮಸ್ ರೌಲಂಡ್‌ಸನ್, ಜಾರ್ಜ್ ಕ್ರೂಕ್‌ಷ್ಯಾಂಕ್ ಮೊದಲಾದವರ ಚಿತ್ರಗಳನ್ನು ಅಂಗಡಿಗಳ ಕಿಟಕಿಯಲ್ಲಿ ತೂಗುಹಾಕಿದಾಗ ಜನ ಗುಂಪುಗೂಡಿ ನೋಡುತ್ತಿದ್ದರು. ಗಿಲ್‌ರೇ ಚಿತ್ರಗಳನ್ನು ಪ್ರಕಟಿಸಿದವಳು ಸೇಂಟ್ ಜೇಮ್ಸ್ ಬೀದಿಯ ಹ್ಯಾನಾ ಹಂಫ್ರಿ ಎಂಬ ಹೆಂಗಸು. ಅವನು ವಾಸವಾಗಿದ್ದದ್ದೂ ಅವಳ ಅಂಗಡಿಯ ಮೇಲಿನ ಮನೆಯಲ್ಲೇ. ಆದ್ದರಿಂದ ಶಾರ್ಲೆಟ್ ಸ್ಲೋನ್ ಬರಿಯ ಕನಸಿನ ಕೂಸಲ್ಲ. ಮುಖದ ಒಂದು ಗೆರೆಯಿಂದ ಮನುಷ್ಯನನ್ನು ಗುರುತಿಸುವ ಚಿತ್ರಕಾರ್ತಿಯ ಕಣ್ಣು ಅಪರಾಧ ಶೋಧನೆಗೆ ಹೇಗೆ ಒದಗುತ್ತದೆಂಬುದನ್ನು ಪೆನ್‌ರೋಸ್ ನಂಬುವಂತೆ ತೋರಿಸುತ್ತಾರೆ.

ಈ ಪ್ರಕಾರದಲ್ಲಿ ಜೊಳ್ಳೂ ಸಾಕಷ್ಟಿದೆ. ಇಪ್ಪತ್ತೊಂದನೆಯ ಶತಮಾನದ ಹೆಣ್ಣಿಗೆ ಎತ್ತರದ ನಡುವಿನ ಮಸ್ಲಿನ್ ಗೌನು ತೊಡಿಸಿ, ಅವಳು ಬಾಯಿಗೆ ಬಂದದ್ದನ್ನು ಆಡಿದರೂ ಯಾವ ಮನೆಯ ಬಾಗಿಲೂ ಮುಚ್ಚದಂತೆ ಮಾಡುವ ಕೃತಿಗಳು ಓದಿದ ಮರುಗಳಿಗೆಯೇ ಮರೆತುಹೋಗುತ್ತವೆ. ಅಪಾಯವೇ ಇಲ್ಲದ ಕಡೆ ಧೈರ್ಯಕ್ಕೆ ಅರ್ಥವಿಲ್ಲ. ಒಂದು ಅಪವಾದದಿಂದ ನಾಯಕಿಯ ಬಾಳು ಮಾತ್ರವಲ್ಲ, ಅವಳ ತಂಗಿಯರ ಮದುವೆಗಳೂ ಮುರಿದುಬೀಳಬಹುದೆಂಬ ಭಯ ಕಥೆಯ ತಳದಲ್ಲಿ ಮಿಡಿಯುತ್ತಿದ್ದರೆ ಮಾತ್ರ ಅವಳು ರಾತ್ರಿ ಮೇಣದಬತ್ತಿ ಹಿಡಿದು ಅನ್ಯರ ಕೋಣೆಯ ಬಾಗಿಲನ್ನು ತೆರೆಯುವಾಗ ಓದುಗರೂ ಉಸಿರು ಬಿಗಿಹಿಡಿಯುತ್ತಾರೆ.

ಆ ದಿವಾನಖಾನೆಗಳ ವೈಭವಕ್ಕೆ ಹಣ ಎಲ್ಲಿಂದ ಬಂತೆಂಬ ಪ್ರಶ್ನೆಯನ್ನು ಬಹುಪಾಲು ಕೃತಿಗಳು ಕೇಳುವುದಿಲ್ಲ. ವನೆಸಾ ರೈಲಿ ಅವರು ಕೇಳುತ್ತಾರೆ. 2022ರಲ್ಲಿ ಬಂದ ಅವರ ‘ಮರ್ಡರ್ ಇನ್ ವೆಸ್ಟ್‌ಮಿನ್‌ಸ್ಟರ್’ ಕಾದಂಬರಿಯ ನಾಯಕಿ ಲೇಡಿ ವರ್ದಿಂಗ್ ಮಿಶ್ರ ಜನಾಂಗ ಮೂಲದವಳು. ಕಥೆ ನಡೆಯುವುದು 1806ರಲ್ಲಿ, ಗುಲಾಮರ ವ್ಯಾಪಾರವನ್ನು ನಿಷೇಧಿಸುವ 1807ರ ಕಾಯಿದೆಗಾಗಿ ಹೋರಾಟ ನಡೆಯುತ್ತಿದ್ದಾಗ. ಕೆರೀಬಿಯನ್ ಕಬ್ಬಿನ ತೋಟಗಳ ನೆರಳು ಆಗ ಊಟದ ಮೇಜಿನ ಸಕ್ಕರೆಯವರೆಗೆ ಬಂದು ತಲುಪುತ್ತದೆ.

ಕನ್ನಡ ಓದುಗರಿಗೆ ಈ ಪ್ರಶ್ನೆಯ ಇನ್ನೊಂದು ಮುಖ ಮನೆಯ ಬಾಗಿಲಲ್ಲೇ ಇದೆ. ಇಂಗ್ಲಿಷಿನ ಆದ್ಯ ಪತ್ತೇದಾರಿ ಕಾದಂಬರಿಗಳಲ್ಲಿ ಒಂದೆಂದು ಗಣ್ಯವಾದ, 1868ರಲ್ಲಿ ಪ್ರಕಟವಾದ ವಿಲ್ಕಿ ಕಾಲಿನ್ಸ್ ಅವರ ‘ದಿ ಮೂನ್‌ಸ್ಟೋನ್’ ಆರಂಭವಾಗುವುದು 1799ರ ಮೇ ತಿಂಗಳ ಶ್ರೀರಂಗಪಟ್ಟಣದಲ್ಲಿ, ಕೋಟೆ ಬಿದ್ದ ದಿನ ಟಿಪ್ಪುವಿನ ಆಯುಧಾಗಾರದಿಂದ ಒಬ್ಬ ಇಂಗ್ಲಿಷ್ ಅಧಿಕಾರಿ ವಜ್ರವನ್ನು ಅಪಹರಿಸುವುದರೊಂದಿಗೆ. ಆ ಕೋಟೆಯ ಪತನದ ಬಳಿಕ ಅಲ್ಲಿನ ಅಧಿಕಾರ ವಹಿಸಿಕೊಂಡು ದರಿಯಾ ದೌಲತ್‌ನಲ್ಲಿ ವಾಸವಾಗಿದ್ದ ಆರ್ಥರ್ ವೆಲ್ಲೆಸ್ಲಿಯೇ 1815ರಲ್ಲಿ ವಾಟರ್ಲೂ ಗೆದ್ದ ಡ್ಯೂಕ್ ಆಫ್ ವೆಲಿಂಗ್ಟನ್. ರೀಜೆನ್ಸಿ ಕಾದಂಬರಿಗಳ ನೃತ್ಯಕೂಟಗಳಲ್ಲಿ ಎಲ್ಲರ ಬಾಯಲ್ಲೂ ನಲಿದಾಡುವ ಹೆಸರು ಅವನದು. ಟಿಪ್ಪುವಿನ ಮರದ ಹುಲಿ 1808ರಿಂದ ಲಂಡನ್ನಿನ ಲೆಡನ್‌ಹಾಲ್ ಬೀದಿಯ ಈಸ್ಟ್ ಇಂಡಿಯಾ ಹೌಸಿನಲ್ಲಿ ಪ್ರದರ್ಶನಕ್ಕಿತ್ತು. ಜೇನ್ ಆಸ್ಟನ್ ಕಾಲದ ಹೆಂಗಸರು ಅಲ್ಲಿಗೆ ಹೋಗಿ ಅದರ ಹಿಡಿಕೆ ತಿರುಗಿಸಿ ಗರ್ಜನೆ ಕೇಳಬಹುದಾಗಿತ್ತು. ಹಾಗಾಗಿ ಇಂಥ ಕಾದಂಬರಿಯೊಂದರಲ್ಲಿ ಇಂಡಿಯಾದಿಂದ ಮರಳಿದ ಚಿಕ್ಕಪ್ಪನೊಬ್ಬ ಕಾಶ್ಮೀರ ಶಾಲನ್ನೋ ಹೆಸರಿಲ್ಲದ ಹಾರವನ್ನೋ ಅಣ್ಣನ ಮಗಳಿಗೆ ಉಡುಗೊರೆಯಾಗಿ ತಂದಾಗ, ಲಂಡನ್ನಿನ ಶೋಧಕಿ ಇನ್ನೂ ಮೊದಲ ಸುಳಿವಿಗಾಗಿ ತಡಕುತ್ತಿರುವಾಗಲೇ, ಮೈಸೂರು ಸೀಮೆಯ ಓದುಗರು ಆ ಆಭರಣದ ಹಿಂದಿನ ಅಪರಾಧವನ್ನು ಊಹಿಸಿಯಾಗಿರುತ್ತದೆ.